ಹಳೇ ಮುಚ್ಚಳಿಕೆ ಇದ್ದರೂ ಕೋವಿ ಲೈಸೆನ್ಸಿಗೆ ಅರ್ಜಿ ಹಾಕುವುದು ಹೇಗೆ

ಬೇಲಿ ವಿಷಯಕ್ಕೆ ಪಕ್ಕದವರ ಜತೆ ಜಗಳ ಆಗಿತ್ತು. ಠಾಣೆಗೆ ಕರೆಸಿ, ಬಿಳಿ ಹಾಳೆ ಮೇಲೆ "ಇನ್ನು ಮುಂದೆ ಯಾವುದೇ ಗಲಾಟೆಗೆ ಹೋಗುವುದಿಲ್ಲ, ಹೋದರೆ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ" ಅಂತ ಬರೆಸಿ, ಸಹಿ ಹಾಕಿಸಿ ಕಳಿಸಿದ್ದರು. ಈಗ ತೋಟಕ್ಕೆ ಹಂದಿ ಕಾಟ ಜಾಸ್ತಿ ಆಗಿ ಕೋವಿ ಬೇಕಾಗಿದೆ. ಆ ಮುಚ್ಚಳಿಕೆ ಅಡ್ಡ ಬರುತ್ತಾ? ಮಲೆನಾಡಲ್ಲಿ ಎಷ್ಟೋ ಜನ ಈ ಹೆದರಿಕೆಗೇ ಅರ್ಜಿ ಹಾಕದೆ ಸುಮ್ನೆ ಕೂತಿದ್ದಾರೆ. ಇನ್ನು ಕೆಲವರು ಯಾರದೋ ಮಾತು ಕೇಳಿ ವಿಷಯ ಮುಚ್ಚಿಟ್ಟು ಅರ್ಜಿ ಹಾಕುತ್ತಾರೆ. ಎರಡೂ ಬೇಡ.

ಮೊದಲು ನಿಮ್ಮ ಮೇಲೆ ಇದ್ದದ್ದು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. "ಕೇಸ್ ಆಗಿತ್ತು" ಅಂತ ಊರಲ್ಲಿ ಹೇಳುವುದರಲ್ಲಿ ನಾಲ್ಕೈದು ಬೇರೆ ಬೇರೆ ಸಂಗತಿ ಇರುತ್ತವೆ.

ಬರೀ ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆ ಶಿಕ್ಷೆ ಅಲ್ಲ. ಅದು ಯಾವ ಕೋರ್ಟಿನ ಆದೇಶವೂ ಅಲ್ಲ. ಆದರೆ 107 ಬೇರೆ. ಚುನಾವಣೆ, ಗಣೇಶನ ಹಬ್ಬದ ಹೊತ್ತಿಗೆ ಅಥವಾ ಜಮೀನು ಜಗಳದಲ್ಲಿ ಪೊಲೀಸರು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 107ನೇ ಸೆಕ್ಷನ್ ಹಾಕಿ ತಹಸೀಲ್ದಾರ್ ಮುಂದೆ ನಿಲ್ಲಿಸುತ್ತಾರಲ್ಲ, ಅದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿರುವುದರಿಂದ ಹೊಸ ಪ್ರಕರಣಗಳಲ್ಲಿ ಇದು 126ನೇ ಸೆಕ್ಷನ್. ಇದರಲ್ಲಿ ಬಾಂಡ್ ಬರೆದುಕೊಡಿ ಅಂತ ಆದೇಶ ಆಗಿದ್ದರೆ, ಆ ಬಾಂಡಿನ ಅವಧಿ ಮುಗಿಯುವವರೆಗೆ ನಿಮಗೆ ಲೈಸೆನ್ಸ್ ಕೊಡುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಹಾಗಿದೆ. 107ರ ಬಾಂಡ್ ಒಂದು ವರ್ಷಕ್ಕಿಂತ ಜಾಸ್ತಿ ಇರುವುದಿಲ್ಲ, ಹಾಗಾಗಿ ಹಳೇದಾಗಿದ್ದರೆ ಅದು ಮುಗಿದಿರುತ್ತದೆ. ಎಷ್ಟೋ ಸಲ ಬರೀ ನೋಟಿಸ್ ಬಂದಿರುತ್ತದೆ, ಕೊನೆಯ ಆದೇಶವೇ ಆಗಿರುವುದಿಲ್ಲ. ನೋಟಿಸ್ ಬಂದಿತ್ತು ಅನ್ನುವುದಕ್ಕೂ ಬಾಂಡಿನ ಆದೇಶ ಆಗಿತ್ತು ಅನ್ನುವುದಕ್ಕೂ ಅರ್ಜಿಯಲ್ಲಿ ತುಂಬಾ ವ್ಯತ್ಯಾಸ ಇದೆ.

ಎಫ್‌ಐಆರ್ ಆಗಿ ಕೇಸ್ ಕೋರ್ಟಿಗೆ ಹೋಗಿದ್ದರೆ ಅದು ಹೇಗೆ ಮುಗಿಯಿತು ಅನ್ನುವುದೇ ಮುಖ್ಯ. ಬಿ ರಿಪೋರ್ಟ್ (ಕೇಸ್ ಮುಚ್ಚಬಹುದು ಅನ್ನುವ ಪೊಲೀಸ್ ವರದಿ) ಆಯಿತಾ, ರಾಜಿ ಆಯಿತಾ, ಖುಲಾಸೆ ಆಯಿತಾ, ಶಿಕ್ಷೆ ಆಯಿತಾ? ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆ ಆಗಿದ್ದರೆ, ಶಿಕ್ಷೆ ಮುಗಿದ ಮೇಲೂ ಐದು ವರ್ಷ ಕಾಯಬೇಕು. ಇಸ್ಪೀಟಾಟದಲ್ಲಿ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡು "ಫೈನ್ ಕಟ್ಟಿ ಬಂದೆ, ಅಲ್ಲಿಗೆ ಮುಗೀತು" ಅನ್ನುವವರು ಇದ್ದಾರೆ. ಕೋರ್ಟಿನಲ್ಲಿ ತಪ್ಪೊಪ್ಪಿ ಫೈನ್ ಕಟ್ಟಿದರೆ ಲೆಕ್ಕದಲ್ಲಿ ಅದೂ ಶಿಕ್ಷೆಯೇ. ಅದರಿಂದ ಐದು ವರ್ಷದ ನಿಷೇಧ ಬರುವುದಿಲ್ಲ, ಆದರೆ ಅರ್ಜಿಯಲ್ಲಿ ಬರೆಯಲೇಬೇಕು.

ಇದೆಲ್ಲ ಬಾಯಿಮಾತಲ್ಲಿ ಹೇಳಿದರೆ ಆಗಲ್ಲ, ಕಾಗದ ಬೇಕು. ಕೋರ್ಟ್ ಕೇಸಾದರೆ ಅಲ್ಲಿನ ನಕಲು ವಿಭಾಗದಿಂದ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಕೇಸ್ ನಂಬರ್ ಮರೆತಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. 107 ಆದರೆ ತಹಸೀಲ್ದಾರ್ ಕಚೇರಿಯಲ್ಲಿ ಆದೇಶದ ಪ್ರತಿ ಕೇಳಿ. ಠಾಣೆಯ ಮುಚ್ಚಳಿಕೆ ಆದರೆ ಆಗ ಕೊಟ್ಟ ಹಿಂಬರಹ (ದೂರು ಹೇಗೆ ಮುಗಿಯಿತು ಅಂತ ಠಾಣೆಯವರು ಬರೆದುಕೊಡುವ ಕಾಗದ) ಮನೆಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ರೌಡಿ ಪಟ್ಟಿಯಲ್ಲಿ ಹೆಸರು ಇದ್ದರೆ ಮೊದಲು ಅದನ್ನು ತೆಗೆಸುವ ಕೆಲಸ ಮಾಡಿ, ಕೋವಿ ಮಾತು ಆಮೇಲೆ.

ಈಗ ಅರ್ಜಿ. ಹಳ್ಳಿ, ತಾಲ್ಲೂಕಿನವರಿಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುತ್ತಾರೆ. ಬೆಂಗಳೂರು, ಮಂಗಳೂರಿನಂಥ ಕಮಿಷನರೇಟ್ ಇರುವ ಕಡೆ ಪೊಲೀಸ್ ಆಯುಕ್ತರು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ಹಳೇ ಕಾಲದ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅವರ ದಾರಿ ಬೇರೆ. ಉಳಿದವರು 2016ರ ಆಯುಧ ನಿಯಮಗಳ ನಮೂನೆ ಎ-1 ತುಂಬಬೇಕು. ಜತೆಗೆ ಪಹಣಿ, ವೈದ್ಯರ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ ಬೇಕು. ವಯಸ್ಸು 21 ಆಗಿರಬೇಕು. ಬೆಳೆ ರಕ್ಷಣೆಗೆ ಕೇಳುವಾಗ ಕಾಯ್ದೆ ಮೊದಲು ನೋಡುವುದು ಕೇಪಿನ ಕೋವಿಯನ್ನು, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ನಿಮಗೆ ತೋಟೆ ಹಾಕುವ ಕೋವಿಯೇ ಬೇಕಿದ್ದರೆ ಕೇಪಿನದು ಏಕೆ ಸಾಲದು ಅಂತ ಬರೆಯಿರಿ.

ಆ ನಮೂನೆಯಲ್ಲಿ ಶಿಕ್ಷೆ ಆಗಿದೆಯಾ, ಬಾಂಡ್ ಬರೆದುಕೊಡಲು ಆದೇಶ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟು ಲೈಸೆನ್ಸ್ ಪಡೆದರೆ 17ನೇ ಸೆಕ್ಷನ್ ಪ್ರಕಾರ ಆಮೇಲೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಠಾಣೆಯ ಮುಚ್ಚಳಿಕೆಗೆ ನಮೂನೆಯಲ್ಲಿ ಜಾಗ ಇಲ್ಲದಿರಬಹುದು. ಆದರೂ ಒಂದು ಪತ್ರದಲ್ಲಿ ಬರೆದು ಲಗತ್ತಿಸುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ವರದಿ ಬರೆಯುವುದು ಅದೇ ಠಾಣೆ. ನಾಲ್ಕು ಸಾಲು ಸಾಕು: "ಇಂಥ ವರ್ಷ ಬೇಲಿ ವಿಚಾರಕ್ಕೆ ಇಂಥವರು ಕೊಟ್ಟ ದೂರಿನ ಮೇಲೆ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟಿರುತ್ತೇನೆ. ಎಫ್‌ಐಆರ್ ದಾಖಲಾಗಿರುವುದಿಲ್ಲ. ನಂತರ ಯಾವುದೇ ದೂರು ಇರುವುದಿಲ್ಲ. ಹಿಂಬರಹದ ಪ್ರತಿ ಲಗತ್ತಿಸಿದೆ." ತಪ್ಪು ಯಾರದ್ದು ಅಂತ ವಾದ ಮಾಡಬೇಡಿ. ಆ ಜಗಳದವರ ಜತೆ ಈಗ ಮಾತುಕತೆ ಸರಿ ಇದ್ದರೆ, ಅವರಿಂದ ಅಭ್ಯಂತರ ಇಲ್ಲ ಅಂತ ಒಂದು ಪತ್ರ ಬರೆಸಿಕೊಂಡರೆ ತುಂಬಾ ಬಲ ಬರುತ್ತದೆ.

ಆಮೇಲೆ ಪೂರ್ವಾಪರ ವಿಚಾರಣೆ. ಬೀಟ್ ಪೊಲೀಸರು ಮನೆಗೆ ಬಂದು ಅಕ್ಕಪಕ್ಕದಲ್ಲೂ ಕೇಳುತ್ತಾರೆ. ಕೋವಿ ಎಲ್ಲಿ ಇಡುತ್ತೀರಿ ಅಂದರೆ ಬೀಗದ ಬೀರು ತೋರಿಸುವ ಹಾಗಿರಲಿ. ನಿಯಮದಲ್ಲಿ ಪೊಲೀಸ್ ವರದಿಗೆ 30 ದಿನ ಇದೆ. ತಡವಾದರೆ ಜಿಲ್ಲಾಧಿಕಾರಿ ಕಚೇರಿಗೆ ನೆನಪೋಲೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳ ಸುತ್ತ ಇರುವವರಿಗೆ ಅರ್ಜಿ ನಿಂತಿದ್ದು ಮುಚ್ಚಳಿಕೆಯಿಂದಲ್ಲ, ಇದರಿಂದ ಇರಬಹುದು. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯಲು ಅನುಮತಿ ಸಿಕ್ಕಿತು ಅಂತ ಅಲ್ಲ, 1972ರ ವನ್ಯಜೀವಿ ಕಾಯ್ದೆ ಹಾಗೇ ಇರುತ್ತದೆ.

ತಿರಸ್ಕಾರ ಆದರೆ ಕಾರಣ ಬರಹದಲ್ಲಿ ಕೇಳಿ. ಕೇಳಿದರೆ ಕೊಡಬೇಕು ಅಂತ ಆಯುಧ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿದೆ, ಸಾರ್ವಜನಿಕ ಹಿತಕ್ಕೆ ತೊಂದರೆ ಅನಿಸಿದಾಗ ಮಾತ್ರ ಕೊಡದೇ ಇರಬಹುದು. "ಪೊಲೀಸ್ ವರದಿ ಪ್ರತಿಕೂಲ" ಅಂತಷ್ಟೇ ಬರೆದಿದ್ದರೆ ಆ ವರದಿಯ ಪ್ರತಿಯನ್ನೂ ಕೇಳಿ, ಹಳೇ ಜಗಳವನ್ನು ಶಿಕ್ಷೆ ಅನ್ನುವ ಹಾಗೆ ಬರೆದಿದ್ದಾರಾ ನೋಡಿ. 18ನೇ ಸೆಕ್ಷನ್ನಿನಲ್ಲಿ ಮೇಲ್ಮನವಿಗೆ ಅವಕಾಶ ಇದೆ. 30 ದಿನದ ಒಳಗೆ ಹಾಕಿ, ಆ ಕೋರ್ಟ್ ಕಾಗದ, ಹಿಂಬರಹ ಎಲ್ಲವನ್ನೂ ಮತ್ತೆ ಲಗತ್ತಿಸಿ.

ಸಿಕ್ಕರೆ ಲೈಸೆನ್ಸ್ ಐದು ವರ್ಷ ಇರುತ್ತದೆ. ನವೀಕರಣಕ್ಕೂ, ಚುನಾವಣೆ ಹೊತ್ತಿಗೆ ಕೋವಿ ಠಾಣೆಗೆ ಕೊಡುವುದರಿಂದ ವಿನಾಯಿತಿ ಕೇಳುವಾಗಲೂ ಹಳೇ ಗಲಾಟೆ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಆ ಕಾಗದಗಳ ಒಂದು ಸೆಟ್ ಲೈಸೆನ್ಸ್ ಪುಸ್ತಕದ ಜತೆಗೇ ಇಟ್ಟಿರಿ.