ಹತ್ತು ಗಂಟೆಗೆ ಬಿಚ್ಚಿಡೋ ಸ್ವೆಟರ್: ಡಿಸೆಂಬರ್ ಚಳಿಗೆ ಬೀರುವಿನಿಂದ ಏನೇನ್ ತೆಗೀಬೇಕು

ಪ್ರತಿ ಡಿಸೆಂಬರಲ್ಲೂ ನಂದು ಇದೇ ಕಥೆ. ಬೆಳಗ್ಗೆ ಐದೂವರೆಗೆ ಧನುರ್ಮಾಸದ ಪೂಜೆಗೆ ಅಂತ ಹೊರಟಾಗ ಹಲ್ಲು ಕಟಕಟ ಅಂತಿರತ್ತೆ, ಸ್ವೆಟರ್, ಅದರ ಮೇಲೆ ಶಾಲು, ಅದೂ ಸಾಲದು ಅಂತ ಕಿವಿಗೆ ಸ್ಟೋಲು. ದೇವಸ್ಥಾನದಲ್ಲಿ ಬಿಸಿ ಹುಗ್ಗಿ ತಿಂದು, ದಾರೀಲಿ ಒಂದು ಬೈಟು ಕಾಫಿ ಕುಡಿದು, ಅವರೇಕಾಯಿ ತಗೊಂಡು ಮನೆ ಕಡೆ ತಿರುಗೋ ಹೊತ್ತಿಗೆ ಹತ್ತು ಗಂಟೆ, ಬೆನ್ನಲ್ಲಿ ಬೆವರು ಇಳೀತಾ ಇರತ್ತೆ, ಒಂದು ಕೈಲಿ ಅವರೇಕಾಯಿ ಚೀಲ, ಇನ್ನೊಂದು ಕೈಲಿ ಮುದ್ದೆ ಮಾಡಿದ ಸ್ವೆಟರ್ರು, ಒಳಗಡೆ ಯಾರೂ ನೋಡಲ್ಲ ಅಂತ ಹಾಕ್ಕೊಂಡಿದ್ದ ಬಣ್ಣ ಹೋದ ಟಾಪು ಈಗ ಇಡೀ ರೋಡಿಗೆ ಕಾಣಿಸ್ತಿದೆ.

ನಮ್ಮ ಚಳಿಯ ಬುದ್ಧಿನೇ ಹೀಗೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಸ್ವಲ್ಪ ಮೇಲಿದೆ, ಡಿಸೆಂಬರ್ ಕೊನೇಲಿ ಮುಂಜಾನೆ 15-16 ಡಿಗ್ರಿ ಇದ್ರೆ ಮಧ್ಯಾಹ್ನ 27ರ ಹತ್ರ ಹೋಗತ್ತೆ. ಮೋಡ ಇಲ್ಲ, ಗಾಳಿ ಒಣ, ಹಾಗಾಗಿ ನೆಲದ ಕಾವೆಲ್ಲ ರಾತ್ರಿ ಹಾರಿಹೋಗಿ ಬಿಸಿಲು ಬಿದ್ದ ತಕ್ಷಣ ಮತ್ತೆ ಏರತ್ತೆ. 1884ರ ಜನವರಿ 13ನೇ ತಾರೀಖು ಊರಲ್ಲಿ 7.8 ಡಿಗ್ರಿ ಆಗಿತ್ತಂತೆ, ಆ ಒಂದು ದಿನಕ್ಕೆ ಬೇಕಾಗೋ ಥರದ ದಪ್ಪ ಜಾಕೆಟ್ಟನ್ನ ಜನ ಈಗ ಆಫರ್ ಇದೆ ಅಂತ ತಗೊಳ್ತಾರೆ. ನ್ಯೂಜೆರ್ಸಿಯಿಂದ ನಮ್ಮತ್ತಿಗೆ ತಂದ್ಕೊಟ್ಟ ಜಾಕೆಟ್ ಒಂದು ನನ್ನ ಹತ್ರಾನೂ ಇದೆ, ಮೂರು ವರ್ಷ ಆಯ್ತು, ಒಂದ್ಸಲ ಊಟಿಗೆ ಹೋಗಿ ಬಂದಿದೆ ಪಾಪ, ಮಿಕ್ಕಿದ್ ದಿನ ಬೀರುವಲ್ಲಿ ಎರಡು ಸೀರೆ ಜಾಗ ತಿನ್ಕೊಂಡು ಕೂತಿದೆ.

ಅದಕ್ಕೆ ನಾನೊಂದು ಟೆಸ್ಟ್ ಇಟ್ಕೊಂಡಿದೀನಿ. ಬೆಳಗ್ಗೆ ಏನೇ ಹಾಕ್ಕೊಂಡ್ರೂ ಕನ್ನಡಿ ಮುಂದೆ ನಿಂತು ಎರಡು ಪ್ರಶ್ನೆ: ಹತ್ತು ಗಂಟೆಗೆ ಮೇಲಿಂದನ್ನ ಬಿಚ್ಚಿದ್ರೆ ಒಳಗಿರೋದು ಚೆನ್ನಾಗಿ ಕಾಣತ್ತಾ, ಬಿಚ್ಚಿದ್ದು ನನ್ನ ಹ್ಯಾಂಡ್‌ಬ್ಯಾಗಲ್ಲಿ ಹಿಡಿಯತ್ತಾ. ಎರಡಕ್ಕೂ ಹೂಂ ಅಂದ್ರೆ ಹೊರಡಿ. ಅಂದ್ರೆ ದುಡ್ಡು ಹಾಕೋದಿದ್ರೆ ಒಳಗಿನ ಬಟ್ಟೆಗೆ ಹಾಕಿ, ಮೇಲಿಂದು ತೆಳ್ಳಗೆ ಇರ್ಲಿ, ಎರಡು ತೆಳ್ಳಗಿನದು ಒಂದು ದಪ್ಪದ್ದಕ್ಕಿಂತ ಬೆಚ್ಚಗೆ ಯಾಕಂದ್ರೆ ನಡುವೆ ಗಾಳಿ ಸಿಕ್ಕಾಕೊಳತ್ತಲ್ಲ, ಬೆಚ್ಚಗಿಡೋದು ಆ ಗಾಳಿನೇ.

ಒಳಗಿನ ಬಟ್ಟೇಲಿ ನನ್ನ ಫೇವರಿಟ್ಟು ಅಂದ್ರೆ ಗುಳೇದಗುಡ್ಡ ಖಣದ ಫುಲ್ ಸ್ಲೀವ್ ಬ್ಲೌಸು. ಖಣದ ನೇಯ್ಗೆ ಒತ್ತಾಗಿರತ್ತೆ, ಕೈ ಪೂರ್ತಿ ಮುಚ್ಚೋ ಹಾಗೆ ಹೊಲಿಸಿ ಒಳಗೆ ಮೆತ್ತನೆ ಕಾಟನ್ ಲೈನಿಂಗ್ ಕೊಡ್ಸಿದ್ರೆ ಅರ್ಧ ಸ್ವೆಟರ್ ಇದ್ದಂಗೆ. ಟೈಲರ್ ಹತ್ರ ಹೋಗೋ ಮುಂಚೆ ಒಂದು ನೆನಪಿರ್ಲಿ, ಖಣಕ್ಕೆ ಪನ್ನ, ಅಂದ್ರೆ ಬಟ್ಟೆ ಅಗಲ, ಕಮ್ಮಿ, ಒಂದು ಪೀಸಲ್ಲಿ ಉದ್ದ ತೋಳು ಕೂರೋದು ಕಷ್ಟ, ಒಂದೇ ಬಣ್ಣದ್ದು ಎರಡು ಪೀಸ್ ತಗೊಳ್ಳಿ. ಮಿಕ್ಕ ತುಂಡಲ್ಲಿ ತೋಳಿಲ್ಲದ ಜಾಕೆಟ್ ಹೊಲಿಸ್ಕೋಬಹುದು, ಪ್ಲೇನ್ ಕುರ್ತಾ ಮೇಲೆ ಹಾಕಿ ಜೀನ್ಸ್ ಜೊತೆ ಆಫೀಸಿಗೂ ಹೋಗಬಹುದು, ನಾನು ಹಾಕ್ಕೊಂಡು ಹೋದ ದಿನ ಲಿಫ್ಟಲ್ಲಿ ಇಬ್ರು ಎಲ್ಲಿಂದ ತಂದ್ರಿ ಅಂತ ಕೇಳಿದ್ರು.

ಅದರ ಮೇಲೆ ಇಳಕಲ್ ಸೀರೆ ಉಟ್ರೆ ಇನ್ನೇನೂ ಬೇಡ ಅನ್ನೋಷ್ಟು ಬೆಚ್ಚಗೆ. ಒಡಲು ಕಾಟನ್, ಸೆರಗು ರೇಷ್ಮೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರ್ತಾರೆ, ಸೀರೆ ತಿರುಗಿಸಿ ನೋಡಿದ್ರೆ ಆ ಜಾಯಿಂಟು ಕೈಗೆ ಸಿಗತ್ತೆ. ಉತ್ತರ ಕರ್ನಾಟಕದ ಹಿರಿಯರು ಸೆರಗನ್ನ ತಲೆ ಮೇಲೆ ಹೊದ್ದು ಬಲಗಡೆಯಿಂದ ಮುಂದಕ್ಕೆ ತಂದು ಸಿಗಿಸ್ತಾರಲ್ಲ, ಅದು ಬರೀ ಮರ್ಯಾದೆಗೆ ಅಂತ ನಾನು ಅಂದ್ಕೊಂಡಿದ್ದೆ, ಒಂದು ಜನವರೀಲಿ ಬೆಳಗಿನ ಜಾವ ಬಸ್‌ಸ್ಟ್ಯಾಂಡಲ್ಲಿ ನಿಂತಾಗ ಹಾಗೇ ಹೊದ್ಕೊಂಡೆ ನೋಡಿ, ಕಿವಿ, ಕತ್ತು, ಬೆನ್ನು ಮೂರೂ ಒಂದೇ ಏಟಿಗೆ ಬೆಚ್ಚಗಾಯ್ತು. ಹತ್ತು ಗಂಟೆಗೆ ಸೆರಗು ಹಿಂದಕ್ಕೆ ಬಿಟ್ರೆ ಮುಗೀತು, ಬ್ಯಾಗಿಗೆ ತುರುಕೋ ಕೆಲಸಾನೇ ಇಲ್ಲ.

ಮೈಸೂರ್ ಸಿಲ್ಕಿನದು ಬೇರೆ ಲೆಕ್ಕ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಫ್ಯಾಕ್ಟರಿ ಅದು, ಕ್ರೇಪ್ ಸಿಲ್ಕು, ನೂಲಿಗೆ ಚೆನ್ನಾಗಿ ಹುರಿ ಕೊಟ್ಟು ನೇಯ್ದಿರೋದ್ರಿಂದ ಜಾರಿ ಬಿದ್ದು ಮೈಗೆ ಅಂಟ್ಕೊಂಡಂಗೆ ಕೂರತ್ತೆ, ಚಳಿಗೆ ಸರಿಯಾಗಿದೆ. ಆದ್ರೆ ಅದರ ಮೇಲೆ ಒರಟು ಉಣ್ಣೆ ಸ್ವೆಟರ್ ಹಾಕಬೇಡಿ, ಬಳೆ, ಗುಂಡಿ, ಉಣ್ಣೆ ಎಲ್ಲ ಸೇರಿ ಜರಿ ಎಳೆ ಎತ್ತತ್ತೆ, ಒಂದು ಎಳೆ ಎದ್ರೆ ಅದನ್ನ ನೋಡಿ ನೋಡಿ ಹೊಟ್ಟೆ ಉರ್ಕೋಬೇಕು. ಮೈಸೂರ್ ಸಿಲ್ಕಿಗೆ ಶಾಲೇ ಸರಿ. ಅದನ್ನ ಎರಡೂ ಭುಜ ಮುಚ್ಚಿ ಹೊದ್ರೆ ಮದುವೆ ಮನೆ ಅಜ್ಜಿ ಥರ ಕಾಣ್ತೀರ, ಎಡಭುಜಕ್ಕೆ ಸೆರಗಿನ ಪಿನ್ ಹಾಕ್ಕೊಂಡ ಮೇಲೆ ಶಾಲನ್ನ ಬಲಭುಜದ ಮೇಲೆ ಮಾತ್ರ ಉದ್ದಕ್ಕೆ ಬಿಟ್ಟು ಒಂದು ತುದಿ ಎಡಗೈ ಮೇಲೆ ತಗೊಳ್ಳಿ, ಜರಿ ಅಂಚೂ ಕಾಣತ್ತೆ ಚಳೀನೂ ಆಗಲ್ಲ. ಪರ್ಫ್ಯೂಮ್ ಸೀರೆ ಉಡೋ ಮುಂಚೆ ಹಾಕ್ಕೊಳ್ಳಿ, ಜರೀಲಿ ಬೆಳ್ಳಿ ಇರತ್ತೆ, ಅದರ ಮೇಲೆ ಬಿದ್ರೆ ಕಪ್ಪಾಗತ್ತೆ.

ಶಾಲು ಅಂದಾಗ ನನ್ನ ಪೆದ್ದುತನಾನೂ ಹೇಳ್ಬಿಡ್ತೀನಿ. ಒಂದು ಎಕ್ಸಿಬಿಷನಲ್ಲಿ ಪ್ಯೂರ್ ಪಶ್ಮಿನಾ ಮೇಡಂ ಅಂತ ಉಂಗುರದಲ್ಲಿ ತೂರಿಸಿ ತೋರಿಸಿದ, ಹೇಳಿದ್ದು ಮೂರು ಸಾವಿರ, ಕೊಟ್ಟಿದ್ದು ಎಂಟ್ನೂರು, ನಾನು ಭಾರಿ ಚೌಕಾಸಿ ಮಾಡ್ದೆ ಅಂತ ಖುಷೀಲಿ ಬಂದೆ. ಎರಡೇ ವಾರಕ್ಕೆ ಗುಂಜು ಗುಂಜಾಗಿ ಎದ್ದು, ತಲೆಯಿಂದ ತೆಗೆದಾಗೆಲ್ಲ ಕೂದಲು ಚಟಚಟ ಅಂತ ನಿಲ್ಲೋದು. ಆಮೇಲೆ ಅಂಚಿಂದ ಎರಡು ಎಳೆ ಕಿತ್ತು ಸಿಂಕ್ ಮೇಲೆ ಹಿಡ್ಕೊಂಡು ಬೆಂಕಿಕಡ್ಡಿ ಗೀರಿದೆ. ನಿಜವಾದ ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರಿಹೋಗತ್ತೆ, ಬೂದಿ ಬೆರಳಲ್ಲಿ ಪುಡಿಯಾಗತ್ತೆ. ನಂದು ಕರಗಿ ಗಟ್ಟಿ ಮಣಿ ಆಯ್ತು, ಅಕ್ರಿಲಿಕ್ಕು. ತೆಳ್ಳಗಿರೋ ಯಾವ ಬಟ್ಟೆ ಆದ್ರೂ ಉಂಗುರದಲ್ಲಿ ತೂರತ್ತೆ, ಆ ಆಟ ನೋಡಿ ದುಡ್ಡು ಬಿಚ್ಚಬೇಡಿ. ಅಕ್ರಿಲಿಕ್ ಅಂದ್ರೆ ಕೆಟ್ಟದ್ದು ಅಂತಲ್ಲ, ಅಕ್ರಿಲಿಕ್ ರೇಟಿಗೆ ತಗೊಳ್ಳಿ ಅಷ್ಟೇ.

ಸ್ವೆಟರ್ ಹೊಸದು ಬೇಕು ಅಂದ್ರೆ ಚಳಿಗಾಲಕ್ಕೆ ಟಿಬೆಟಿಯನ್ನರು ಹಾಕೋ ಅಂಗಡಿಗಳಿವೆಯಲ್ಲ, ನಾನು ಅಲ್ಲೇ ತಗೊಳ್ಳೋದು. ಬೈಲುಕುಪ್ಪೆ, ಮುಂಡಗೋಡು ಕಡೆ ಅವರು ಅರವತ್ತರ ದಶಕದಿಂದ ಇದಾರೆ, ಮಾಲು ಹೆಚ್ಚಾಗಿ ಲೂಧಿಯಾನದ್ದು, ಆದ್ರೆ ಆರಿಸಿ ತಂದಿರ್ತಾರೆ, ಕನ್ನಡದಲ್ಲೇ ಚೌಕಾಸಿ ಮಾಡಬಹುದು, ಜಾಸ್ತಿ ಇಳಿಸಲ್ಲ ಅದು ಬೇರೆ ಮಾತು. ಏನ್ ನೋಡಬೇಕು ಅಂದ್ರೆ: ಮುಂದೆ ಗುಂಡಿ ಇರ್ಲಿ, ತಲೆ ಮೇಲಿಂದ ಹಾಕೋದು ಬೇಡ, ಬಸ್ಸಲ್ಲಿ ಕೂತು ತೆಗೆಯೋಕೆ ಹೋದ್ರೆ ಜಡೆ, ಓಲೆ, ಪಕ್ಕದವರ ಕನ್ನಡಕ ಎಲ್ಲ ಸಿಕ್ಕಾಕೊಳತ್ತೆ. ಸೀರೆ ಮೇಲೆ ಹಾಕೋದಾದ್ರೆ ಸೊಂಟದ ಹತ್ರ ನಿಲ್ಲಬೇಕು, ಅದಕ್ಕಿಂತ ಕೆಳಗೆ ಬಂದ್ರೆ ನೆರಿಗೆ ಉಬ್ಬಿ ಹೊಟ್ಟೆ ದಪ್ಪ ಕಾಣತ್ತೆ. ಕಂಕುಳಲ್ಲಿ ಒಂದು ಬೆರಳು ಸಲೀಸಾಗಿ ಆಡಬೇಕು, ಯಾಕಂದ್ರೆ ಒಳಗೆ ಫುಲ್ ಸ್ಲೀವ್ ಇರತ್ತೆ. ಬಣ್ಣಕ್ಕೆ ಹೋದ್ರೆ, ಒಂದೇ ತಗೊಳ್ಳೋದಾದ್ರೆ ಕಪ್ಪು ಬಿಟ್ಟು ಮರೂನ್ ಅಥವಾ ಸಾಸಿವೆ ಹಳದಿ ತಗೊಳ್ಳಿ, ನಮ್ಮ ಮನೆ ಸೀರೆಗಳ ಅಂಚಲ್ಲಿ ಈ ಎರಡರಲ್ಲಿ ಒಂದು ಇದ್ದೇ ಇರತ್ತೆ.

ಈಗ ಇನ್ಸ್ಟಾದಲ್ಲಿ ಎಲ್ಲರೂ ಹೈನೆಕ್ ಸ್ವೆಟರನ್ನೇ ಬ್ಲೌಸ್ ಮಾಡ್ಕೊಂಡು ಸೀರೆ ಉಡ್ತಿದಾರೆ. ಚೆನ್ನಾಗೇ ಕಾಣತ್ತೆ, ನಾನೂ ಮಾಡ್ದೆ, ಆದ್ರೆ ಇದು ಹತ್ತು ಗಂಟೆ ಟೆಸ್ಟಲ್ಲಿ ಫೇಲು, ಎಲ್ಲಿ ಬಿಚ್ತೀರ ಹೇಳಿ. ಹಾಗಾಗಿ ಅದು ಸಂಜೆ ಏಳರ ಮೇಲಿನ ಐಟಂ. ಕ್ರಿಸ್ಮಸ್ ಹಿಂದಿನ ರಾತ್ರಿ ನನ್ನ ಫ್ರೆಂಡ್ ಮನೆಯವರ ಜೊತೆ ಮಿಡ್‌ನೈಟ್ ಮಾಸಿಗೆ ಹೋಗ್ತೀನಿ, ಚರ್ಚ್ ಒಳಗೆ ಜಾಗ ಸಿಗದೆ ಹೊರಗಡೆ ಪ್ಲಾಸ್ಟಿಕ್ ಚೇರಲ್ಲಿ ಕೂತ್ರೆ ತಲೆ ಮೇಲೆ ಇಬ್ಬನಿ ಬೀಳತ್ತೆ, ಅಲ್ಲಿಗೆ ಇದು ಪರ್ಫೆಕ್ಟು. ಕಪ್ಪು ತೆಳು ಹೈನೆಕ್ಕು, ಮೇಲೆ ಕೆಂಪು ಅಂಚಿನ ಕಾಟನ್ ಸೀರೆ, ಕತ್ತಿಗೆ ಒಂದೇ ಉದ್ದದ ಸರ, ಸ್ಟೋಲು ತಲೆಗೆ. ಮಾರನೇ ದಿನ ಮಧ್ಯಾಹ್ನ ಅವರ ಮನೆ ಊಟಕ್ಕೆ ಮಾತ್ರ ಇದನ್ನ ಹಾಕ್ಕೊಂಡು ಹೋಗಬೇಡಿ, ಬಿಸಿ ಬಿಸಿ ಊಟ, ಮನೆ ತುಂಬ ಜನ, ಕೇಕ್ ಬರೋದ್ರೊಳಗೆ ಬೆಂದು ಹೋಗಿರ್ತೀರ.

ರಜಕ್ಕೆ ಚಿಕ್ಕಮಗಳೂರು, ಕೊಡಗು ಕಡೆ ಹೋಗೋರಿಗೆ ಒಂದ್ ಮಾತು. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್, ಅಲ್ಲಿ ಹೊಡೆಯೋದು ಗಾಳಿ, ಎಷ್ಟು ದಪ್ಪ ಕೈಹೆಣಿಗೆ ಸ್ವೆಟರ್ ಆದ್ರೂ ಗಾಳಿ ಸಂದೀಲಿ ನುಗ್ಗತ್ತೆ, ಮೇಲೊಂದು ತೆಳ್ಳನೆ ವಿಂಡ್‌ಚೀಟರ್ ಇದ್ರೆ ಅದೇ ಸ್ವೆಟರ್ ಎರಡರಷ್ಟು ಕೆಲಸ ಮಾಡತ್ತೆ. ಬೆಳಗ್ಗೆ ಹುಲ್ಲಲ್ಲಿ ನಡೆಯೋದಾದ್ರೆ ಜೀನ್ಸ್ ಬೇಡ, ಮಂಜಿಗೆ ಮೊಣಕಾಲವರೆಗೂ ಒದ್ದೆ ಆಗಿ ಮಧ್ಯಾಹ್ನದವರೆಗೂ ಒಣಗಲ್ಲ. ರಾತ್ರಿ ಬೆಂಕಿ ಮುಂದೆ ಕೂರೋದಕ್ಕೆ ಕಂಬಳಿ. ನಮ್ಮಜ್ಜಂದು ಒಂದು ಚಳ್ಳಕೆರೆ ಕಂಬಳಿ ಇದೆ, ಕರಿ ಕುರಿ ಉಣ್ಣೇದು, ಹುಣಸೆಬೀಜದ ಗಂಜಿ ಹಾಕಿ ನೇಯ್ದಿರೋದು, ಹೊಸದ್ರಲ್ಲಿ ನೆಲದ ಮೇಲೆ ನಿಲ್ಲಿಸಿದ್ರೆ ನಿಲ್ಲೋಷ್ಟು ಬಿರುಸಿತ್ತಂತೆ. ಬರಿಮೈಗೆ ತಾಗಿದ್ರೆ ಚುಚ್ಚತ್ತೆ, ಒಳಗೊಂದು ಹಳೇ ಕಾಟನ್ ಪಂಚೆ ಹೊದ್ದು ಮೇಲೆ ಕಂಬಳಿ ಹೊದ್ರೆ ಮಲೆನಾಡಿನ ಯಾವ ಚಳಿಯೂ ತಾಗಲ್ಲ. ಮೂಲೆ ಮಡಚಿ ಕೊಪ್ಪೆ ಮಾಡ್ಕೊಂಡ್ರೆ ತಲೇನೂ ಮುಚ್ಚತ್ತೆ, ಫೋಟೋಗೂ ಸಖತ್ತಾಗಿರತ್ತೆ.

ಬೀದರ್, ವಿಜಯಪುರ ಕಡೆಯವರು ನನ್ನ ಲೆಕ್ಕ ನೋಡಿ ನಗಬೇಡಿ, ನಿಮ್ಮಲ್ಲಿ ಕೆಲವು ಬೆಳಗ್ಗೆ 10 ಡಿಗ್ರಿಗಿಂತ ಕೆಳಗೆ ಹೋಗತ್ತೆ ಅಂತ ಗೊತ್ತು, ಒಳಗೊಂದು ಥರ್ಮಲ್ ಸೇರಿಸ್ಕೊಳ್ಳಿ. ಗಂಡಸರಿಗೆ ಹೇಳೋದು ಜಾಸ್ತಿ ಇಲ್ಲ, ಶರ್ಟ್ ಮೇಲೆ ತೋಳಿಲ್ಲದ ಸ್ವೆಟರ್ ಎಲ್ಲರಿಗೂ ಒಪ್ಪತ್ತೆ, ಮಂಕಿ ಕ್ಯಾಪ್ ಹಾಲು ತರೋಕೆ ಮಾತ್ರ ಅಂತ ನಮ್ಮನೆಯವರಿಗೆ ಹತ್ತು ವರ್ಷದಿಂದ ಹೇಳ್ತಿದೀನಿ. ಇನ್ನು ಕಾಲು. ವೈಕುಂಠ ಏಕಾದಶಿ ಕ್ಯೂನಲ್ಲಿ ಕಲ್ಲು ಹಾಸಿನ ಮೇಲೆ ಎರಡು ಗಂಟೆ ಬರಿಗಾಲಲ್ಲಿ ನಿಂತೋರಿಗೆ ಗೊತ್ತು, ಚಳಿ ಹತ್ತೋದೇ ಅಂಗಾಲಿಂದ. ಹೆಬ್ಬೆರಳು ಬೇರೆ ಇರೋ ಸಾಕ್ಸ್ ಸಿಗತ್ತೆ, ಚಪ್ಪಲಿ ಜೊತೆಗೂ ಆಗತ್ತೆ, ಚಪ್ಪಲಿ ಬಿಟ್ಟ ಮೇಲೂ ಕ್ಯೂ ಮುಗಿಯೋವರೆಗೆ ಕಾಲಲ್ಲಿರತ್ತೆ, ಗರ್ಭಗುಡಿ ಹತ್ರ ಬಂದಾಗ ತೆಗೆದು ಬ್ಯಾಗಿಗೆ ಹಾಕ್ಕೊಳ್ಳಿ.

ತೊಳೆಯೋ ವಿಷಯಕ್ಕೆ ನನ್ನ ಮಾತು ಕೇಳಿ, ಪೆಟ್ಟು ತಿಂದಿದೀನಿ. ಅಮ್ಮ ಕೈಯಲ್ಲಿ ಹೆಣೆದ ನೀಲಿ ಕಾರ್ಡಿಗನ್ ಒಂದಿತ್ತು, ಮರದ ಗುಂಡಿ, ಬಲಗಡೆ ಜೇಬಿನ ಹತ್ರ ಒಂದು ಹೊಲಿಗೆ ತಪ್ಪಿ ಸಣ್ಣ ತೂತು, ಅದನ್ನ ಅಮ್ಮ ಬಿಚ್ಚಿ ಸರಿ ಮಾಡದೆ ಮೇಲೊಂದು ಹೂವು ಹೆಣೆದು ಮುಚ್ಚಿದ್ರು. ಒಂದಿನ ಟವೆಲ್ಲುಗಳ ಜೊತೆ ಗೊತ್ತಿಲ್ದೆ ಮೆಷಿನ್ನಿಗೆ ಹೋಯ್ತು, ಅದೂ ಬಿಸಿನೀರಿಗೆ. ಉಣ್ಣೆ ಎಳೆ ಮೇಲೆ ಸಣ್ಣ ಸಣ್ಣ ಪೊರೆ ಇರತ್ತೆ, ಬಿಸಿ ಮತ್ತು ಉಜ್ಜಾಟಕ್ಕೆ ಅವು ಒಂದಕ್ಕೊಂದು ಕಚ್ಕೊಂಡ್ರೆ ಮತ್ತೆ ಬಿಡಲ್ಲ, ಹೊರಗೆ ಬಂದಾಗ ಆರು ವರ್ಷದ ಮಗೂಗೆ ಆಗೋ ಅಳತೆ ಆಗಿತ್ತು. ಅದಕ್ಕೆ ತಣ್ಣೀರು, ಒಂದು ಚಮಚ ಶಾಂಪೂ, ಹಿಂಡದೆ ಟವೆಲ್ಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಿ, ಹ್ಯಾಂಗರಿಗೆ ತೂಗುಹಾಕಿದ್ರೆ ತೋಳು ಮೊಣಕಾಲಿಗೆ ಬರತ್ತೆ.

ಆ ಕಾರ್ಡಿಗನ್ ಈಗ ನನ್ನ ಮಗಳದ್ದು. ಸಂಕ್ರಾಂತಿ ಸಂಜೆ ಜರಿ ಲಂಗದ ಮೇಲೆ ಅದನ್ನೇ ಹಾಕ್ಕೊಂಡು ಬೀದಿ ತುಂಬ ಎಳ್ಳು ಬೀರ್ತಾಳೆ, ಹೂವಿನ ಜೇಬು ಮುಂದಕ್ಕೆ ಕಾಣೋ ಹಾಗೆ. ಹಬ್ಬ ಮುಗಿದ ಮೇಲೆ ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗೋ ಹೊತ್ತಿಗೆ ಎಲ್ಲ ತೊಳೆದು, ಒಣಗಿದ ಬೇವಿನೆಲೆ ಹಳೇ ಪಂಚೆ ತುಂಡಲ್ಲಿ ಕಟ್ಟಿ ನಡುವೆ ಇಟ್ಟು ಎತ್ತಿಡಿ. ಎತ್ತಿಡೋ ಮುಂಚೆ ಜೇಬು ನೋಡೋದು ಮರೀಬೇಡಿ, ಹೋದ ವರ್ಷ ಅವಳ ಜೇಬಲ್ಲಿ ಅರ್ಧ ತಿಂದ ಸಕ್ಕರೆ ಅಚ್ಚು ಉಳ್ಕೊಂಡು ಬೀರು ತುಂಬ ಇರುವೆ ಆಗಿತ್ತು, ನ್ಯೂಜೆರ್ಸಿ ಜಾಕೆಟ್ಟಿನ ಒಳಗೂ.