ಬರೀ ಚಾಕುವಿನಿಂದ ಮರದ ತುಂಡಿನ ಮೇಲೆ ಮುಕ್ಕೋನದ ಕೆತ್ತನೆ

ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರವೇ ಇದಕ್ಕೂ ಸೊಗಸು: ಮೆದು, ಎಳೆ ನಯ. ತೇಗದ ಅಂಚು ಹೊಸಬರ ಕೈಯಲ್ಲಿ ಚಕ್ಕೆ ಏಳುತ್ತದೆ. 4 ಸೆಂ.ಮೀ. ಚೌಕದ ತುಂಡು, ಮಡಚದ ಗಿಡ್ಡ ಚಾಕು ಸಾಕು. ಪೆನ್ಸಿಲ್ ಗೆರೆ ಬೇಡ.

ಕಣ್ಣಂದಾಜಿನ ಮುಕ್ಕೋನದ ನಡುವೆ ಚಾಕುವಿನ ತುದಿಯನ್ನು 3 ಮಿ.ಮೀ. ನೆಟ್ಟಗೆ ಊರಿ, ಮೂಲೆಯತ್ತ ಬರುತ್ತಾ ಅಲಗನ್ನು ಮೇಲಕ್ಕೆತ್ತಿ. ಮೂಲೆಯಲ್ಲಿ ಆಳ ಸೊನ್ನೆ. ಹೀಗೆ ನಡುವಿನಿಂದ ಮೂಲೆಗೊಂದರಂತೆ ಮೂರು ಗೀರು. ಆಮೇಲೆ ಪ್ರತಿ ಬದಿಯಿಂದ ಅಲಗನ್ನು ಓರೆ ಹಿಡಿದು ನಡುವಿನತ್ತ ಜಾರಿಸಿದರೆ ಚಕ್ಕೆ ಇಡಿಯಾಗಿ ಎದ್ದು ಬರುತ್ತದೆ. ಬರದಿದ್ದರೆ ಮೀಟಬೇಡಿ, ಅಂಚು ಒಡೆಯುತ್ತದೆ; ಗೀರು ಸಾಕಷ್ಟು ಆಳಕ್ಕೆ ಇಳಿದಿಲ್ಲ, ಅದನ್ನೇ ಮತ್ತೆ ಎಳೆಯಿರಿ. ಕೊರೆದ ಮೈ ತರಿತರಿಯಾದರೆ ಎಳೆಗೆ ಎದುರಾಗಿ ಹೋಗುತ್ತಿದ್ದೀರಿ, ತುಂಡನ್ನು ತಿರುಗಿಸಿ. ಅಲಗಿನ ದಾರಿಯಲ್ಲಿ ಎಡಗೈ ಬೆರಳು ಇರಲೇಬಾರದು. 10 ನಿಮಿಷಕ್ಕೊಮ್ಮೆ ಚರ್ಮದ ಬೆಲ್ಟಿನ ಮೇಲೆ ಅಲಗು ತೀಡಿ, ಅಲಗಿನ ಮೊಂಡು ಬೆನ್ನು ಮುಂದಾಗಿ.