ಜೋನಿ ಬೆಲ್ಲ: ಕಪ್ಪಿನಿಂದ ಗ್ರಾಂಗೆ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಜೋನಿ ಬೆಲ್ಲದ, ಅಂದರೆ ಸುರಿಯುವ ಹಾಗಿರುವ ನೀರು ಬೆಲ್ಲದ, ಡಬ್ಬ ಖಾಲಿ ಆಗಿದ್ದು ನಾನು ನೋಡಿಲ್ಲ. ಆಲೆಮನೆ ಸಮಯದಲ್ಲಿ ತುಂಬಿಸಿಟ್ಟರೆ ವರ್ಷಪೂರ್ತಿ ತೆಳ್ಳೇವಿಗೆ (ತೆಳು ದೋಸೆಗೆ) ಅದೇ. ಕೇಕಿಗೂ ಜೇನುತುಪ್ಪದ ಬದಲು ಅದನ್ನೇ ಹಾಕಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ಮೊದಲು ಜೇನುತುಪ್ಪ ಹಾಕಿಯೇ ಮಾಡಿ ನೋಡಿದೆ. ರೆಸಿಪಿ ಅಮೆರಿಕದ ಅಳತೆಯದ್ದು, ಅರ್ಧ ಕಪ್ ಅಂತ ಇತ್ತು. ಅಂದರೆ ಸುಮಾರು 120 ಮಿಲಿ. ನಾನು 120 ಗ್ರಾಂ ತೂಗಿ ಹಾಕಿದೆ. ತಪ್ಪಿದ್ದು ಅಲ್ಲೇ. ಮಿಲಿಯೂ ಗ್ರಾಮೂ ಒಂದೇ ಅನ್ನುವ ಲೆಕ್ಕ ನೀರಿಗೆ ಸರಿ. ಜೇನುತುಪ್ಪ ನೀರಿನ ಸುಮಾರು 1.4 ಪಟ್ಟು ತೂಗುತ್ತದೆ. ಅರ್ಧ ಕಪ್ಪಿಗೆ 170 ಗ್ರಾಂ ಬೇಕಿತ್ತು. 50 ಗ್ರಾಂ ಕಡಿಮೆ ಬಿದ್ದು ಕೇಕ್ ಒಣಗಿದ ಹಾಗಾಯಿತು, ಬಣ್ಣವೂ ಬರಲಿಲ್ಲ. ಜೇನುತುಪ್ಪ ಬರೀ ಸಿಹಿಗಲ್ಲ, ತೇವ ಹಿಡಿದಿಡುವುದೂ ಮೇಲ್ಭಾಗ ಕೆಂಪಾಗಿಸುವುದೂ ಅದೇ ಅಲ್ವಾ.

ಜೋನಿ ಬೆಲ್ಲ ಜೇನಿಗಿಂತ ತೆಳು. ಹಾಗಾಗಿ ಜೇನಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ನಾನೇ ತೂಗಿದೆ. ಖಾಲಿ ಕಪ್ಪನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದೆ: 236 ಗ್ರಾಂ. ಅಂದರೆ ಕಪ್ಪು 236 ಮಿಲಿಯದ್ದು. ನೀರು ಚೆಲ್ಲಿ, ಚೆನ್ನಾಗಿ ಒರೆಸಿ, ಬೆಲ್ಲ ತುಂಬಿದೆ: 318 ಗ್ರಾಂ. ಭಾಗಿಸಿದರೆ ಹತ್ತಿರ ಹತ್ತಿರ 1.35. ನಮ್ಮ ಡಬ್ಬದ ಬೆಲ್ಲ ಅರ್ಧ ಕಪ್ಪಿಗೆ 160 ಗ್ರಾಂ.

ಇದು ನಮ್ಮ ಡಬ್ಬದ ಲೆಕ್ಕ ಅಷ್ಟೇ. ಪಾಕ ಎಷ್ಟು ಗಟ್ಟಿ ತೆಗೆದಿದ್ದಾರೆ ಅನ್ನುವುದರ ಮೇಲೆ ತೂಕ ಬದಲಾಗುತ್ತದೆ. ಹೊಸ ಡಬ್ಬ ಒಡೆದಾಗೆಲ್ಲ ನಾನು ಮತ್ತೆ ತೂಗುತ್ತೇನೆ. ಹರಳು ತಳದಲ್ಲಿ ಕೂತಿರುತ್ತದೆ, ಮೇಲೆ ತೆಳು ರಸ ನಿಂತಿರುತ್ತದೆ. ತಳದಿಂದ ಕಲಕದೆ ಸುಮ್ನೆ ಮೇಲಿನದ್ದನ್ನು ಬಗ್ಗಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಚಳಿಗೆ ಗಟ್ಟಿಯಾಗಿದ್ದರೆ ಡಬ್ಬವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ. ಇಲ್ಲದಿದ್ದರೆ ಕಪ್ಪಿನೊಳಗೆ ಗಾಳಿಯ ಸಂದು ಉಳಿದುಬಿಡುತ್ತದೆ.

ಆವತ್ತು ಆಯಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಕಪ್ಪು ಬಗ್ಗಿಸಿದ ಮೇಲೆ, “ಅಂಟ್ಕಂಡಿದ್ದು ಲೆಕ್ಕಕ್ಕೆ ಇಲ್ಯ ಕೂಸೆ?” ಅಂದಳು. ಆ ಕಪ್ಪನ್ನೇ ಮತ್ತೆ ತೂಗಿದೆ. 14 ಗ್ರಾಂ ಒಳಗೇ ಉಳಿದಿತ್ತು, ಎರಡು ಟೀ ಚಮಚದಷ್ಟು! ಕಪ್ಪಿಗೆ ಎಣ್ಣೆ ಸವರಿದರೆ ಜಾರುತ್ತದೆ, ಆದರೂ ಪೂರ್ತಿ ಬರುವುದಿಲ್ಲ.

ಈಗ ಕೇಕಿಗೆ ಕಪ್ಪು ಬಳಸುವುದೇ ಇಲ್ಲ. ಬೆಲ್ಲದ ಡಬ್ಬವನ್ನು ಸೌಟಿನ ಸಮೇತ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡುತ್ತೇನೆ. ಸೌಟಿನಲ್ಲಿ ತೆಗೆದು ಸೀದಾ ಹಿಟ್ಟಿಗೆ ಸುರಿದು, ಸೌಟನ್ನು ವಾಪಸ್ ಡಬ್ಬದಲ್ಲೇ ಇಟ್ಟು ನೋಡುತ್ತೇನೆ. ಮೈನಸ್ 160 ಬಂದರೆ ಹಿಟ್ಟಿಗೆ ಬಿದ್ದದ್ದು ಸರಿಯಾಗಿ 160 ಗ್ರಾಂ. ಸೌಟಿಗೆ ಅಂಟಿದ್ದು ಡಬ್ಬದ ಲೆಕ್ಕದಲ್ಲೇ ಉಳಿಯುತ್ತದೆ. ಮನೆಯ ಸಣ್ಣ ತಕ್ಕಡಿಗೆ ದೊಡ್ಡ ಡಬ್ಬ ಭಾರ ಜಾಸ್ತಿ, ಅದಕ್ಕೇ ಒಂದು ಕಿಲೋ ಹಿಡಿಯುವ ಡಬ್ಬಕ್ಕೆ ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ.